ನನ್ನ ಪುಸ್ತಕ ಬುಟ್ಟಿಯಾದದ್ದು

ನನ್ನ ಪುಸ್ತಕದ ಪ್ರತಿಗಳೆಲ್ಲ ಖರ್ಚಾದವೆಂದು ಓದುಗ ಮಹಾಶಯರಿಗೆ ತಿಳಿಸಲು ಸಂತೋಷವಾಗುತ್ತದೆ. ಹೇಗೆ ಖರ್ಚಾದವು ಎಂದು ಮಾತ್ರ ಕೇಳಬೇಡಿ.

ಕೇಳಿದಿರಾ? ಸರಿ.

ಸಂಸಾರಸ್ಥರಿಗೆ ಬುದ್ಧಿ ಹೇಳುವ ಆ ಪುಸ್ತಕವನ್ನು ಹೊಳೆಯಾಚೆ ಬಳ್ಳಾರಿಯಲ್ಲಿ ಪ್ರಿಂಟ್ ಮಾಡಿಸಿ, ಲಿಂಗಸುಗೂರಿನ ನನ್ನ ಮನೆಗೆ ತರಿಸಿದ್ದೆ. ಬಂದ ಎರಡು ಸಣ್ಣ ಕಟ್ಟುಗಳು ಬಿಚ್ಚದೆ ಅಟ್ಟ ಸೇರಿದ್ದವು. (ನೀವೆಲ್ಲ ಒಂದೊಂದು ಕೊಂಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸಿಟ್ಟಿಲ್ಲ.)

ಮಸ್ಕಿಯಿಂದ ಅಕ್ಕ ಬಂದಳು, ಮಗಳು ಗಂಗಿಯನ್ನು ಕರೆದುಕೊಂಡು. ಗಂಗಿ ಗೊರೇಬಾಳಕ್ಕೆ ಗಂಡನ ಮನೆಗೆ ಹೊರಟವಳು. ಜೊತೆಗೆ ಎರಡು ಕಾಗದದ ಬುಟ್ಟಿ ಕಳಿಸಬೇಕು. ರದ್ದಿ ಕಾಗದ ನೆನೆಹಾಕಿ, ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಗಡಿಗೆಗೆ ಮೆತ್ತಿ ಒಣಗಿಸುತ್ತಾರಲ್ಲ, ಅವೇ. ಅವಿಲ್ಲದೆ ಹುಡುಗಿ ಬೀಗರ ಮನೆ ಹೊಸ್ತಿಲು ದಾಟುವುದು ಹೇಗೆ?

ಅಕ್ಕ ರದ್ದಿ ಕೇಳಿದಳು. ವಕೀಲಿ ಬಿಟ್ಟ ಮೇಲೆ ಧೂಳು ಹಿಡಿದಿದ್ದ ಉರ್ದು ಕಾಯ್ದೆ ಪುಸ್ತಕಗಳನ್ನು ತೋರಿಸಿದೆ.

“ಸರ್ಕಾರದ ಪುಸ್ತಕ ಕುಟ್ಟಂತಿಯೇನಲೇ? ನಾಳೆ ಪೊಲೀಸ್ರು ಬಂದ್ರ ಜೇಲಿಗೆ ನೀ ಹೋಗ್ತಿಯೇನು?”

“ಹಂಗಾದ್ರ ಪುರಾಣ ತಗೋ ಅಕ್ಕಾ. ಹೆಂಗೂ ಹುಳ ತಿಂದಾವ.”

“ನಿನ್ನ ಬಾಯಾಗ ಹುಳ ಬೀಳ್ಲಿ! ದೇವರಿದ್ದಾನ ಅದರಾಗ.”

ಅಕ್ಕ ಅಟ್ಟದ ಕಡೆ ನೋಡಿದಳು. “ನೀ ಬರದಿದ್ರಾಗ ಸರ್ಕಾರೂ ಇಲ್ಲ, ದೇವರೂ ಇಲ್ಲ, ಹೌದಿಲ್ಲೋ? ಇಳಸು ಅವನ್ನ.”

ಆಯುಷ್ಯವೆಲ್ಲ ಕಚೇರಿಯಲ್ಲಿ ವಾದಿಸಿದವನು ಅಟ್ಟಕ್ಕೆ ಏಣಿ ಹಾಕಿದೆ. ಇಳಿಸಿದೆ. ನನ್ನ ತಾಳ್ಮೆಯ ಅಧ್ಯಾಯ ಹಿತ್ತಲಲ್ಲಿ ಒನಕೆಯ ಪೆಟ್ಟು ತಿನ್ನುವುದನ್ನು ತಾಳ್ಮೆಯಿಂದಲೇ ನೋಡಿದೆ.

ಮೊದಲ ಬುಟ್ಟಿ ಮುಗಿಯಿತು. ಎರಡನೆಯದರ ಅಂಚಿಗೆ ಕಾಗದ ಸಾಲಲಿಲ್ಲ.

“ಪೆಟ್ಟಿಗ್ಯಾಗ ಒಂದು ಮುಚ್ಚಿಟ್ಟೀಯಲ್ಲ, ತಗದು ಕೊಡು.”

(ಅವಳಿಗೆ ಹೇಗೆ ತಿಳಿಯಿತೋ!) “ಅದೊಂದಽ ಉಳದದ ಅಕ್ಕಾ. ಮುಂದಿನ ಪೀಳಿಗಿಗೆ ಅಂತ ಇಟ್ಟೀನಿ.”

“ಮುಂದಿನ ಪೀಳಿಗಿ ಇಲ್ಲೇ ನಿಂತದಲ್ಲೋ!”

ಗಂಗಿ ಅರ್ಧ ಅಂಚಿನ ಬುಟ್ಟಿಯನ್ನೇ ನೋಡುತ್ತ ನಿಂತಿದ್ದಳು. ಪೆಟ್ಟಿಗೆಯ ಬೀಗ ತೆಗೆದೆ.

ಬುಟ್ಟಿಗಳು ಗೊರೇಬಾಳ ಸೇರಿದವು. ಒಂದರಲ್ಲಿ ಜೋಳದ ಹಿಟ್ಟು, ಇನ್ನೊಂದರಲ್ಲಿ ತೊಗರಿಬೇಳೆಯಂತೆ. ಸಂಸಾರಕ್ಕೆ ಉಪಯುಕ್ತವೆಂದು ಮುನ್ನುಡಿಯಲ್ಲಿ ನಾನೇ ಬರೆದಿದ್ದೆ, ಸುಳ್ಳಾಗಲಿಲ್ಲ.

ನಿನ್ನೆ ಅಲ್ಲಿಂದ ಬೀಗಿತ್ತಿ ಅಕ್ಕನಿಗೆ ಹೇಳಿ ಕಳಿಸಿದ್ದಾಳೆ: “ಬುಟ್ಟಿ ಭಾಳ ಗಟ್ಟಿ ಅದಾವ. ನಿಮ್ಮ ತಮ್ಮಾರು ಇನ್ನೊಂದು ಪುಸ್ತಕ ಯಾವಾಗ ಬರೀತಾರ್ರೀ?”