ವೆಂಕಟರಾಮಪ್ಪನ ಹಗುರ ಹಾಸಿಗೆ

ಹಿಂದೂಪುರದ ನೇಕಾರರ ಬೀದಿಯಲ್ಲಿ ವೆಂಕಟರಾಮಪ್ಪನನ್ನು ಜನ ಎರಡು ಕಾರಣಕ್ಕೆ ಬಲ್ಲರು. ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಕರೆದರೂ ಮೇಲೇಳದ ಮನುಷ್ಯ ಅನ್ನುವುದು ಒಂದು. ವರ್ಷಾ ವರ್ಷಾ ಬನದ ಹುಣ್ಣಿಮೆಗೆ ಕುಲದೇವಿ ಚೌಡಮ್ಮನ ಸೀರೆ ಹೊತ್ತು ಕಲ್ಯಾಣದುರ್ಗಕ್ಕೆ ನಡೆಯುವವನು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೆಂಡತಿ ರಾಮಕ್ಕನಿಂದ ಬೈಸಿಕೊಳ್ಳುತ್ತಿದ್ದ. ಎರಡನೆಯದಕ್ಕೆ ಬೀದಿಯೆಲ್ಲ ಅವನಿಗೆ ಕೈ ಮುಗಿಯುತ್ತಿತ್ತು.

ಆ ಬೀದಿಯವರ ಹಿರಿಯರು ಕಲ್ಯಾಣದುರ್ಗದ ಕಡೆಯಿಂದ ಬಂದವರಂತೆ. ಬರುವಾಗ ಮಗ್ಗ ತಂದರು, ಮಕ್ಕಳು ಮರಿ ತಂದರು, ದೇವಿಯನ್ನು ಮಾತ್ರ ಅಲ್ಲಿನ ಪುಟ್ಟ ಗುಡಿಯಲ್ಲೇ ಬಿಟ್ಟು ಬಂದರು. ಆ ತಪ್ಪಿಗೋ ಏನೋ, ವರ್ಷಕ್ಕೊಂದು ಅರಿಶಿನ ಬಣ್ಣದ ಕೆಂಪಂಚಿನ ಸೀರೆ ಇಲ್ಲಿ ನೇಯ್ದು, ಮಡಕಶಿರಾ, ಪಾವಗಡ, ಕಂಬದೂರಿನ ಮೇಲೆ ನಡೆದುಕೊಂಡೇ ಒಯ್ದು ಉಡಿಸುವ ಪದ್ಧತಿ ಬೆಳೆಯಿತು. ಸೀರೆಯ ಗಂಟು ಮಗ್ಗದಿಂದ ಇಳಿದ ಮೇಲೆ ದೇವಿಯ ಮೈ ಸೇರುವ ತನಕ ನೆಲ ಮುಟ್ಟಬಾರದು, ಮನುಷ್ಯರು ಮಲಗಿದ ಚಾಪೆ ಮಂಚವನ್ನೂ ಮುಟ್ಟಬಾರದು. ಹಿಂದೊಮ್ಮೆ ಗೂಟಕ್ಕೆ ನೇತು ಹಾಕಿದ್ದಾಗ ಇಲಿ ಕಚ್ಚಿತೆಂದು, ಆಮೇಲಿಂದ ಹೊತ್ತವನು ರಾತ್ರಿ ಅದನ್ನು ತನ್ನ ತೋಳಿನಲ್ಲೇ ಇಟ್ಟುಕೊಂಡು ಮಲಗಬೇಕೆಂದಾಯಿತು. ಜೊತೆಗೆ ಅವನ ಹಾಸಿಗೆಯನ್ನು ಅವನೇ ಹೊರಬೇಕು. ಬೇರೆಯವರ ಹೆಗಲಿಗೆ ಕೊಡುವ ಹಾಗಿಲ್ಲ, ಗಾಡಿಗೆ ಹಾಕುವ ಹಾಗಿಲ್ಲ.

ಇದನ್ನೆಲ್ಲ ವೆಂಕಟರಾಮಪ್ಪ ಬಹಳ ವರ್ಷ ಸಲೀಸಾಗಿ ಮಾಡಿಕೊಂಡು ಬಂದ. ಆದರೆ ಹೋದ ಸಲ ಮಡಕಶಿರಾದ ಛತ್ರದಲ್ಲಿ ಬೆಳಿಗ್ಗೆ ಏಳಲು ನೋಡಿದರೆ ಸೊಂಟ ಹಿಡಿದುಕೊಂಡಿತ್ತು. ಮಗ್ಗುಲು ಬದಲಿಸಲೂ ಆಗಲಿಲ್ಲ. ಇಬ್ಬರು ಅವನ ಕಂಕುಳಿಗೆ ಕೈ ಹಾಕಿ ಎಬ್ಬಿಸುವಾಗ ಗಂಟು ಜಾರಿತು. ರಾಮಕ್ಕನ ತಮ್ಮ ಉಗ್ರಪ್ಪ ಪಕ್ಕದಲ್ಲೇ ಇದ್ದವನು ಗಬಕ್ಕನೆ ಹಿಡಿದುಕೊಂಡ. ಹಿಡಿಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳದೇ ಇದ್ದದ್ದೇ ವೆಂಕಟರಾಮಪ್ಪನನ್ನು ವರ್ಷವೆಲ್ಲ ಚುಚ್ಚಿತು.

ದಸರಾ ಕಳೆಯುತ್ತಿದ್ದಂತೆ ಕುಲದ ಯಜಮಾನರಾದ ಕೇಶವಯ್ಯನವರು ಅವನನ್ನು ಕರೆಸಿದರು. ಕೇಶವಯ್ಯನವರು ಮೊಣಕಾಲು ನೋವಿನವರು. ಪ್ರತಿ ತಂಗುವ ಊರಿಗೂ ಬಸ್ಸಿನಲ್ಲಿ ಮೊದಲೇ ಹೋಗಿ ಕೂತು, ನಡೆದು ಬಂದವರಿಗೆ ನಡಿಗೆಯ ನಿಯಮ ಹೇಳುವುದು ಅವರ ಕೆಲಸ. ಅವರಿಗೆ ವೆಂಕಟರಾಮಪ್ಪನ ಮೇಲೆ ಪ್ರೀತಿಯಿತ್ತು, ಹಾಗೆಂದು ದೇವಿಯ ವಿಷಯದಲ್ಲಿ ಸಡಿಲ ಬಿಡುವವರಲ್ಲ.

"ಈ ವರ್ಷಾನೂ ನೀನೇ ಹೊತ್ಕೋ. ಆದ್ರೆ ಒಂದು ಮಾತು ಕಣಪ್ಪ. ಬೆಳಗಾಗ ಯಾರ ಕೈನೂ ಹಿಡೀದಂಗೆ ಎದ್ದು ನಿಂತ್ಕಂಡ್ರೆ ಗಂಟು ನಿಂದು. ಎಬ್ಬಿಸ್ಬೇಕಾಗಿ ಬಂತೋ, ಅಲ್ಲಿಂದ ಮುಂದಕ್ಕೆ ಉಗ್ರಪ್ಪಂದು" ಎಂದರು.

ವೆಂಕಟರಾಮಪ್ಪ ತಲೆಯಾಡಿಸಿ ಬಂದ. ಅವನಿಗೆ ಉಗ್ರಪ್ಪನ ಮೇಲೆ ಹೊಟ್ಟೆಕಿಚ್ಚೇನೂ ಇರಲಿಲ್ಲ. ಪವರ್‌ಲೂಮ್ ಹಾಕಿಕೊಂಡಿದ್ದರೂ ಆ ಹುಡುಗನ ಮನಸ್ಸು ಒಳ್ಳೆಯದು, ಹೆಗಲೂ ಗಟ್ಟಿ. ಆದರೆ ತಾನು ಗಂಟು ಹೊತ್ತು ಗುಡಿಯ ಹೊಸಿಲು ದಾಟುವ ಆ ಒಂದು ಗಳಿಗೆಗಾಗಿಯೇ ಉಳಿದ ವರ್ಷವನ್ನೆಲ್ಲ ಗುಂಡಿಯಲ್ಲಿ ಕೂತು ಕಳೆಯುತ್ತೇನೆ ಎಂದು ಅವನಿಗೆ ಅನ್ನಿಸುತ್ತಿತ್ತು. ಅದನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡಲು ಅವನು ತಯಾರಿರಲಿಲ್ಲ. ತಪ್ಪೆಲ್ಲ ಹಾಸಿಗೆಯದು ಎಂದು ತೀರ್ಮಾನಿಸಿದ. ಛತ್ರದ ಕಲ್ಲು ಚಪ್ಪಡಿ, ಪುಷ್ಯದ ಚಳಿ, ಕೆಳಗೊಂದು ತೆಳು ಜಮಖಾನ. ಸೊಂಟ ಹಿಡಿಯದೆ ಇನ್ನೇನಾಗುತ್ತದೆ? ಮೆತ್ತಗಿರಬೇಕು, ಬೆಚ್ಚಗಿರಬೇಕು, ದಿನವೆಲ್ಲ ಹೆಗಲ ಮೇಲಿದ್ದರೂ ಭಾರವಾಗಬಾರದು. ಅಂಥ ಹಾಸಿಗೆ ಲೋಕದಲ್ಲಿ ಎಲ್ಲೋ ಇರಲೇಬೇಕು ಎಂದು ಹುಡುಕಲು ಹೊರಟ.

ಗೋರಂಟ್ಲದ ಸಂತೆಯಲ್ಲಿ ಈಚಲು ಚಾಪೆ ತಂದ. ಹಗುರವೇನೋ ಹಗುರ, ಆದರೆ ದಿನಾ ಸುತ್ತಿ ಬಿಚ್ಚಿ ಮಾಡಿದರೆ ಗರಿ ಮುರಿದು ಬೆನ್ನಿಗೆ ಚುಚ್ಚುತ್ತಿತ್ತು. ಕಂಬದೂರಿನ ಕುರಿಯವರ ಹತ್ತಿರ ಒಂದು ಕರಿ ಕಂಬಳಿ ಕೊಂಡ. ಅದರ ಮೇಲೆ ಮಲಗಿದರೆ ತಾಯಿ ಮಡಿಲಿನ ಹಾಗಿತ್ತು, ಆದರೆ ರಾತ್ರಿ ಇಬ್ಬನಿ ಕುಡಿದರೆ ಬೆಳಿಗ್ಗೆ ಎತ್ತಲು ಆಳು ಬೇಕು. ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ಹೊಲಿದು ನೋಡಿದ. ನೀರು ತಗಲಲಿಲ್ಲ, ಆದರೆ ಮೈಯೆಲ್ಲ ಬೆವರಿ, ಮೂಗಿಗೆ ಯೂರಿಯಾ ವಾಸನೆ ಹೊಡೆದು ನಿದ್ದೆ ಹತ್ತಲಿಲ್ಲ.

ಪ್ರತಿಯೊಂದನ್ನೂ ಅಂಗಳದ ಬಂಡೆಯ ಮೇಲೆ ಹಾಸಿ ಒಂದು ರಾತ್ರಿ ಮಲಗುವುದು, ಮರುದಿನ ಅದನ್ನು ಹೆಗಲಿಗೇರಿಸಿ ಪರಿಗಿ ಕೆರೆ ಏರಿಯವರೆಗೆ ನಡೆದು ಬರುವುದು ಅವನ ಪರೀಕ್ಷೆಯ ಕ್ರಮವಾಗಿತ್ತು. ಬೀದಿಯವರು ಬಿಟ್ಟಿ ತಮಾಷೆ ಸಿಕ್ಕಿತೆಂದು ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಯಾರಿಗೆ ಮದುವೆ, ಹಾಸಿಗೆ ಇಷ್ಟು ಜೋರಾಗಿ ಆರಿಸುತ್ತಿದ್ದಾರೆ ಎಂದು ಕೇಳುವವರೂ ಇದ್ದರು. ರಾಮಕ್ಕ ಮಾತ್ರ ನಗಲಿಲ್ಲ. ಅವಳು ಬೇರೆ ಏನನ್ನೋ ನೋಡುತ್ತಿದ್ದಳು. ಚಾಪೆ ಇರಲಿ, ಕಂಬಳಿ ಇರಲಿ, ಗೊಬ್ಬರದ ಚೀಲವೇ ಇರಲಿ, ಬೆಳಿಗ್ಗೆ ಗಂಡ ಗೊಣಗುತ್ತಾ ಆದರೂ ತಾನಾಗಿಯೇ ಎದ್ದು ಬರುತ್ತಿದ್ದ. ಅದು ಅವಳ ಮನಸ್ಸಿನಲ್ಲಿ ಉಳಿಯಿತು.

ಕೊನೆಗೆ ದಾರಿ ತೋರಿಸಿದವನು ಪಕ್ಕದ ಮನೆಯ ಮುತ್ಯಾಲಪ್ಪ. ಅವನು ಊರಾಚೆಯ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸಕ್ಕಿದ್ದ. ಅಲ್ಲಿಗೆ ಮೆಷಿನ್ ಸಾಮಾನು ಬರುವಾಗ ಸುತ್ತಿರುವ ಬಿಳೀ ಫೋಮ್ ಹಾಳೆಯನ್ನು ಬಿಸಾಡುತ್ತಾರೆಂದು, ಸಾಹೇಬರನ್ನು ಕೇಳಿ ಆಳುದ್ದದ್ದೊಂದು ತಂದುಕೊಟ್ಟ. ಬೆರಳು ದಪ್ಪ, ಕೈಯಲ್ಲಿ ಹಿಡಿದರೆ ಹಪ್ಪಳ ಹಿಡಿದಷ್ಟು ತೂಕ, ನೀರು ಹಾಕಿದರೆ ಜಾರಿ ಹೋಗುತ್ತದೆ. ಬಂಡೆಯ ಮೇಲೆ ಹಾಸಿ ಮಲಗಿದ ವೆಂಕಟರಾಮಪ್ಪನ ಮುಖ ಅರಳಿತು. ಒಂದೇ ತೊಂದರೆ, ಹೊರಳಿದಾಗಲೆಲ್ಲ ಕಿರ್ ಕಿರ್ ಎಂದು ಸದ್ದು ಮಾಡುತ್ತಿತ್ತು.

ಉಗ್ರಪ್ಪ ನೋಡಲು ಬಂದವನು, "ಬಾವ, ಇದರಾಗೆ ನಿನ್ನೇ ಸುತ್ತಿ ಕಲ್ಯಾಣದುರ್ಗಕ್ಕೆ ಪಾರ್ಸಲ್ ಮಾಡ್ಬೋದು" ಎಂದು ಕಿಚಾಯಿಸಿದ. ವೆಂಕಟರಾಮಪ್ಪನೂ ನಕ್ಕ, ಆದರೆ ಸ್ವಲ್ಪ ನಾಚಿಕೆಯೂ ಆಯಿತು. ನೇಕಾರನಾಗಿ ಹುಟ್ಟಿ ಫ್ಯಾಕ್ಟರಿಯ ಕಸದ ಮೇಲೆ ಮಲಗುವುದೇ? ಮೇಲೊಂದು ಬಟ್ಟೆಯ ಗವುಸು ಹಾಕಿದರೆ ಸದ್ದೂ ನಿಲ್ಲುತ್ತದೆ, ಮಾನವೂ ಉಳಿಯುತ್ತದೆ ಎಂದುಕೊಂಡ.

ಅಲ್ಲೇ ಅವನು ಎಡವಿದ್ದು. ಚೌಡಮ್ಮನ ಸೀರೆ ಮುಗಿದಾಗ ಮಗ್ಗದ ಮೇಲೆ ಒಂದಾಳುದ್ದ ಹಾಸು ಉಳಿದಿತ್ತು. ಸೀರೆಗೆಂದು ಎಳೆದು ಕಟ್ಟಿದ ಉದ್ದದ ಎಳೆಗಳು ಹಾಗೆ ಉಳಿದರೆ ಅವುಗಳನ್ನು ಕತ್ತರಿಸಿ ಮಗ್ಗದ ಕಂಬಕ್ಕೆ ಕಟ್ಟುವುದು ರೂಢಿ. ಆದರೆ ಕಣ್ಣೆದುರಿಗೆ ಒಳ್ಳೆಯ ಎಳೆ ಖಾಲಿ ಬಿದ್ದಿರುವುದನ್ನು ನೋಡಿಕೊಂಡು ಸುಮ್ಮನಿರುವ ನೇಕಾರ ಇನ್ನೂ ಹುಟ್ಟಿಲ್ಲ. ಯಾವಾಗಲೂ ಗೇಣುದ್ದ ಉಳಿಯುತ್ತಿದ್ದದ್ದು ಈ ಸಲ ಆಳುದ್ದ ಉಳಿದಿದೆ, ಗವುಸಿಗೆ ಸರಿಯಾಗಿ ಸಾಕು. ಒರಟು ನೂಲನ್ನು ಲಾಳಿಗೆ ಹಾಕಿ ಒಂದೇ ಮಧ್ಯಾಹ್ನದಲ್ಲಿ ನೇಯ್ದು ಮುಗಿಸಿದ. ಎರಡು ಬದಿಯಲ್ಲೂ ದೇವಿಯ ಸೀರೆಯ ಕೆಂಪು ಅಂಚು ತಾನಾಗಿ ಮೂಡಿಕೊಂಡಿತು. ಆಗ ಅವನಿಗೆ ಸ್ವಲ್ಪ ಅಳುಕಾಯಿತು. ಬಟ್ಟೆಯನ್ನು ರಾಮಕ್ಕನ ಕೈಗೆ ಕೊಟ್ಟು, ಅಂಚು ಕಾಣದ ಹಾಗೆ ಅಡಿಗೆ ಮಡಚಿ ಹೊಲಿ, ಕೆಳಗೆ ಹಳೇ ಪಂಚೆ ಹಾಕು ಎಂದು ಹೇಳಿದ. ರಾಮಕ್ಕ ಬಟ್ಟೆಯನ್ನೂ ಗಂಡನನ್ನೂ ನೋಡಿ ಹೂಂ ಎಂದಳು. ಹೊರಡುವ ದಿನ ಬೆಳಿಗ್ಗೆ ಹಾಸಿಗೆಯನ್ನು ಬಿಗಿಯಾಗಿ ಸುತ್ತಿ, ಹಗ್ಗ ಕಟ್ಟಿ, ಅವನ ಬೆನ್ನಿಗೆ ತಾನೇ ಏರಿಸಿದಳು.

ಅಂದು ದಾರಿ ಸವೆದದ್ದೇ ತಿಳಿಯಲಿಲ್ಲ. ಎದೆಗೆ ಸೀರೆ ಗಂಟು, ಬೆನ್ನಿಗೆ ಹಾಸಿಗೆ. ಹಾಸಿಗೆ ಇದೆಯೋ ಬಿದ್ದುಹೋಯಿತೋ ಎಂದು ವೆಂಕಟರಾಮಪ್ಪ ಆಗಾಗ ಕೈ ಹಿಂದೆ ಮಾಡಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕಡಲೆಕಾಯಿ ಕಿತ್ತ ಹೊಲಗಳಲ್ಲಿ ಕುರಿ ಮೇಯುತ್ತಿದ್ದವು, ಬಿಸಿಲು ಹಿತವಾಗಿತ್ತು. ಸಂಜೆಗೆ ಮಡಕಶಿರಾದ ಛತ್ರ ಸೇರಿದಾಗ ಕೇಶವಯ್ಯನವರು ಬಸ್ಸಿಳಿದು, ಮುಖ ತೊಳೆದು, ಕಾಫಿ ಕುಡಿದು ಕೂತಿದ್ದರು. ಛತ್ರ ನೋಡಿಕೊಳ್ಳುವ ಕದಿರಮ್ಮ ಮುದ್ದೆ ಸಾರು ಬಡಿಸಿದಳು. ಊಟವಾದ ಮೇಲೆ ವೆಂಕಟರಾಮಪ್ಪ ಹೋದ ಸಲ ಸೊಂಟ ಹಿಡಿದ ಜಾಗದಲ್ಲೇ ಹಟದಿಂದ ಹಾಸಿಗೆ ಬಿಚ್ಚಿದ.

ಲಾಟೀನಿನ ಬೆಳಕಿಗೆ ಅರಿಶಿನದ ಬಟ್ಟೆಯ ಎರಡು ಬದಿಗೂ ಕೆಂಪಂಚು ಎದ್ದು ಕಂಡಿತು. ಮಡಚಿಲ್ಲ, ಮುಚ್ಚಿಲ್ಲ. ಒಪ್ಪವಾಗಿ ಮೇಲಕ್ಕೇ ಹೊಲಿದಿತ್ತು.

ನೀರಿನ ಚೊಂಬು ತಂದ ಕದಿರಮ್ಮ ಅಲ್ಲೇ ನಿಂತುಬಿಟ್ಟಳು. ಚೊಂಬು ಕೆಳಗಿಟ್ಟು ಕೈ ಮುಗಿದಳು. "ಅಯ್ಯೋ ತಲ್ಲೀ. ಅಮ್ಮನ ಅಂಚಲ್ಲವೇನಪ್ಪಾ ಇದು? ಇದರ ಮ್ಯಾಲೆ ಮಲಗ್ತೀಯಾ?"

ವೆಂಕಟರಾಮಪ್ಪ ಅಂಚನ್ನು ಕೈಯಿಂದ ಮುಚ್ಚಲು ನೋಡಿದ. ಅದು ಉಳಿದ ಹಾಸಿನದು, ಒರಟು ನೂಲಿನದು, ಅಂಚು ಒಳಗೆ ಹೋಗಬೇಕಿತ್ತು ಎಂದೆಲ್ಲ ತೊದಲಿದ. ಎಲ್ಲರೂ ಯಜಮಾನರ ಮುಖ ನೋಡಿದರು. ಕೇಶವಯ್ಯನವರು ಬಗ್ಗಿ ಅಂಚನ್ನು ಬೆರಳಿನಿಂದ ಸವರಿ, ಯಾರಾದರೂ ಇದರ ಮೇಲೆ ಮಲಗಿದ್ದಾರೆಯೇ ಎಂದು ಕೇಳಿದರು. ಗವುಸಿನ ಮೇಲೆ ಯಾರೂ ಮಲಗಿಲ್ಲ, ನಿನ್ನೆ ತಾನೆ ಹೊಲಿದದ್ದು ಎಂದ. ಅವರು ಕಣ್ಣು ಮುಚ್ಚಿದರು. ಬೈಗುಳ ಬಂತೆಂದು ವೆಂಕಟರಾಮಪ್ಪ ತಲೆ ತಗ್ಗಿಸಿದ.

"ಅಮ್ಮ ತನಗೆ ಬೇಕಾದ್ದು ತಾನೇ ನೇಯಿಸ್ಕಂಡವ್ಳೆ" ಎಂದರು ಕೇಶವಯ್ಯನವರು. "ಅವಳ ಹಾಸು, ಅವಳ ಅಂಚು. ಇದು ನೆಲಾನೂ ಅಲ್ಲ, ಮನುಷ್ಯರ ಹಾಸಿಗೇನೂ ಅಲ್ಲ. ಗಂಟು ಇದರ ಮ್ಯಾಲಿಡು."

ಹೀಗೆ ಮೂರು ತಿಂಗಳು ಊರೂರು ಹುಡುಕಿ, ಬೀದಿಯವರ ನಗೆಗೀಡಾಗಿ ಆರಿಸಿದ ಹಾಸಿಗೆಯ ಮೇಲೆ ಸೀರೆಯ ಗಂಟು ಸುಖವಾಗಿ ಮಲಗಿತು. ಇಲಿ ಬಾರದ ಹಾಗೆ ಕದಿರಮ್ಮ ಪಕ್ಕದಲ್ಲೊಂದು ದೀಪ ಹಚ್ಚಿಟ್ಟಳು, ಸರದಿಯ ಮೇಲೆ ಒಬ್ಬೊಬ್ಬರು ಕಾಯುವುದೆಂದಾಯಿತು. ವೆಂಕಟರಾಮಪ್ಪ ಹೆಗಲ ಮೇಲಿನ ವಲ್ಲಿ ಬಟ್ಟೆಯನ್ನು ಚಪ್ಪಡಿಯ ಮೇಲೆ ಹಾಸಿಕೊಂಡು ಒರಗಿದ. ಕಲ್ಲು ತಣ್ಣಗೆ ಕೊರೆಯುತ್ತಿತ್ತು. ನನ್ನ ಕಥೆ ಮುಗಿಯಿತು, ನಾಳೆ ಗಂಟು ಉಗ್ರಪ್ಪನ ಎದೆಗೆ ಹೋಗುತ್ತದೆ ಎಂದು ನಿಟ್ಟುಸಿರು ಬಿಟ್ಟ. ಕೈಗಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಅತ್ತ ಇತ್ತ ಚಾಚಿದ. ಅಂಗಾತ ಮಲಗಿ, ಛತ್ರದ ಜಂತೆಗಳನ್ನು ನೋಡುತ್ತಾ ನೋಡುತ್ತಾ ನಿದ್ದೆ ಹೋದ.

ಬೆಳಿಗ್ಗೆ ಉಗ್ರಪ್ಪ ತಣ್ಣೀರು ಸುರಿದುಕೊಂಡು, ಮಡಿ ಪಂಚೆಯುಟ್ಟು ಬಾಗಿಲಲ್ಲಿ ನಡುಗುತ್ತಾ ನಿಂತಿದ್ದ. ಬೇಕಾದರೆ ಸಿದ್ಧನಿರಲಿ ಎಂದು ಯಜಮಾನರೇ ಹೇಳಿದ್ದರು. ಆದರೆ ಅವನ ಮುಖದಲ್ಲಿ ಆಸೆಗಿಂತ ಸಂಕಟವೇ ಹೆಚ್ಚಿತ್ತು. ವೆಂಕಟರಾಮಪ್ಪ ಕಣ್ಣು ಬಿಟ್ಟ. ಮೊಣಕೈ ಊರಿದ. ಸೊಂಟ ಈಗ ಹಿಡಿಯುತ್ತದೆ, ಇನ್ನೇನು ಹಿಡಿಯುತ್ತದೆ ಎಂದು ಕಾದ. ಹಿಡಿಯಲಿಲ್ಲ. ಎದ್ದು ಕೂತ, ಕಾಲು ಮಡಚಿದ, ಯಾರ ಕೈಯನ್ನೂ ನೋಡದೆ ನಿಂತ. ನಂಬಿಕೆ ಬಾರದೆ ಮತ್ತೊಮ್ಮೆ ಕೂತು, ಮತ್ತೊಮ್ಮೆ ಎದ್ದ. ಕೇಶವಯ್ಯನವರು ಗಂಟಿನ ಕಡೆ ಕೈ ತೋರಿಸಿ, ತೆಗೆದುಕೋ ಎಂಬಂತೆ ತಲೆಯಾಡಿಸಿದರು. ಉಗ್ರಪ್ಪ ನಕ್ಕುಬಿಟ್ಟ. ಸುಮ್ಮನೆ ತಣ್ಣೀರು ಹುಯ್ಕಂಡೆನಲ್ಲ ಎಂದು ಬೈದುಕೊಳ್ಳುತ್ತಾ ಒಣ ಬಟ್ಟೆ ಹುಡುಕಲು ಹೋದ.

ಪಾವಗಡದಲ್ಲೂ ಹಾಗೇ ಆಯಿತು, ಕಂಬದೂರಿನಲ್ಲೂ ಹಾಗೇ ಆಯಿತು. ಸೀರೆ ಮೆತ್ತಗೆ ಮಲಗಿತು, ಹೊತ್ತವನು ಬರೀ ನೆಲದ ಮೇಲೆ ಮಲಗಿ ಹುಡುಗನ ಹಾಗೆ ಎದ್ದ. ಹುಣ್ಣಿಮೆಯ ದಿನ ಕಲ್ಯಾಣದುರ್ಗದ ಗುಡಿಯ ಹೊಸಿಲನ್ನು ದಾಟುವಾಗ ವೆಂಕಟರಾಮಪ್ಪನ ಕಣ್ಣು ತುಂಬಿ ಬಂತು. ಸೀರೆ ಉಟ್ಟ ದೇವಿಯನ್ನು ನೋಡಿ ಮನಸ್ಸು ಹಾಲು ಕುಡಿದಂತಾಯಿತು.

ಹಿಂದೂಪುರಕ್ಕೆ ಬಸ್ಸಿನಲ್ಲಿ ಮರಳಿ ಬಂದಾಗ ರಾಮಕ್ಕ ಬಚ್ಚಲಿನಲ್ಲಿ ನೀರು ಕಾಯಿಸಿಟ್ಟಿದ್ದಳು. ಹಾಸಿಗೆ ಹೆಂಗಿತ್ತು ಎಂದು ಕೇಳಿದಳು.

"ಬಾಳ ಚೆನ್ನಾಗೈತೆ ಕಣೆ. ಒಂದಿನಾನೂ ಅದರ ಮ್ಯಾಲೆ ಮಲಗಲಿಲ್ಲ" ಎಂದ. ಆಮೇಲೆ ಸುತ್ತಿದ ಹಾಸಿಗೆಯನ್ನು ದೇವರ ಗೂಡಿನ ಪಕ್ಕ ಜೋಪಾನವಾಗಿ ಇಟ್ಟು, ಅಂಚು ಮೇಲಕ್ಕೆ ಯಾಕೆ ಹೊಲಿದೆ ಎಂದು ಕೇಳಿದ.

ರಾಮಕ್ಕ ಒಲೆಗೆ ಒಂದು ಸೌದೆ ತಳ್ಳಿದಳು. "ಪ್ರತಿ ವರ್ಷ ಕಲ್ಯಾಣದುರ್ಗದಿಂದ ಬಂದ ಮ್ಯಾಲೆ ಶಿವರಾತ್ರಿಗಂಟ ಹೆಂಗೆ ಮಲಗ್ತೀಯ ಅಂತ ನಿಂಗೇನು ಗೊತ್ತು? ದಿಂಬು ಎದೆಗೆ ಅವಚ್ಕಂಡು, ಒಂದೇ ಮಗ್ಗುಲಾಗೆ, ಕಟ್ಟಿಗೆ ಬಿಗಿದಂಗೆ. ಕೈ ಎಳೆದ್ರೂ ಬಿಡಾಕಿಲ್ಲ. ಕೈ ಖಾಲಿ ಇದ್ರೆ ಗೊಬ್ಬರದ ಚೀಲದ ಮ್ಯಾಲೂ ಎದ್ದು ಬತ್ತೀಯ, ನಾನು ನೋಡ್ಲಿಲ್ವಾ? ಹಾಸಿಗೆ ಬೇಕಾಗಿದ್ದು ನಿನ್ನ ಸೊಂಟಕ್ಕಲ್ಲ ಕಣಪ್ಪ, ನಿನ್ನ ಕೈಯಾಗಿರೋ ಗಂಟಿಗೆ."

ವೆಂಕಟರಾಮಪ್ಪ ಬಿಸಿನೀರು ಸುರಿದುಕೊಂಡು, ಹೊಟ್ಟೆ ತುಂಬ ಉಂಡು, ಮನೆಯ ಹಳೇ ಚಾಪೆಯ ಮೇಲೆ ಅಂಗಾತ ಮಲಗಿಕೊಂಡ. ಆ ವರ್ಷ ದಿಂಬು ತಲೆಯ ಕೆಳಗಿತ್ತು, ಒಂದು ಕೈ ರಾಮಕ್ಕನ ಕಡೆಗೆ ಚಾಚಿತ್ತು.