ಫೋನು ಮಾತಾಡದ ಗಳಿಗೆ

ಅಕ್ಕಿಹೆಬ್ಬಾಳು ಸ್ಟೇಷನ್ನಿನಲ್ಲಿ ರೈಲಿನ ಸದ್ದು ಕೇಳಿದ್ದೇ ತಡ, ನನ್ನ ಪಕ್ಕ ಕೂತಿದ್ದ ಕಣ್ಣು ಕಾಣದ ಅಜ್ಜ ಎದ್ದು ಹಳಿಯತ್ತ ನಡೆದೇಬಿಟ್ಟರು. ಓಡಿಹೋಗಿ ರಟ್ಟೆ ಹಿಡಿದು ಎಳೆದೆ. ಬಂದದ್ದು ಗೂಡ್ಸ್ ರೈಲು, ನಿಲ್ಲದೆ ಹಾದುಹೋಯಿತು.

“ಗಾಡಿ ಇನ್ನೂ ದೂರ ಅದೆ ಅಂತ ನಿನ್ ಫೋನು ಏನೂ ಅನ್ನನಿಲ್ಲ ಕಣವ್ವ, ಅದ್ಕೇ ನಮ್ ಗಾಡಿನೇ ಬಂದ್ಬುಡ್ತು ಅನ್ಕಂಡೆ” ಎಂದರು. ಮೈಸೂರಿನಲ್ಲಿ ಮಗಳಿಗೆ ಹೆರಿಗೆಯಾಗಿತ್ತು. ಮೊಮ್ಮಗಳನ್ನು ಎತ್ತಿಕೊಳ್ಳುವ ಆತುರ ಅವರದು.

ರೈಲು ಎಲ್ಲಿದೆ ಎಂದು ಇಂಟರ್ನೆಟ್ಟಿನಲ್ಲಿ ರೈಲುಗಳ ಮಾಹಿತಿ ಕೊಡುವ ವೆಬ್ ಸರ್ವೀಸನ್ನು ಕೇಳಿ, ಬಂದ ಉತ್ತರವನ್ನು ಕನ್ನಡದಲ್ಲಿ ಓದಿ ಹೇಳುವ ಆ್ಯಪ್ ಬರೆಯುತ್ತಿದ್ದ ನಾನು, ಪರೀಕ್ಷೆಗೆಂದು ಫೋನನ್ನು ಅವರ ಕೈಗೆ ಕೊಟ್ಟಿದ್ದೆ. ಆ ಮಾಹಿತಿ ಕಳಿಸಬೇಕಾದ ಸರ್ವರ್ ಉತ್ತರಿಸದಿದ್ದಾಗ ನನ್ನ ಕೋಡ್ ಪರದೆಯ ಮೇಲೆ ‘ಕಾಯಿರಿ’ ಎನ್ನುವ ಚಕ್ರ ತಿರುಗಿಸುತ್ತಾ ಸುಮ್ಮನಿತ್ತು. ಆ ಚಕ್ರ ಅವರಿಗೆ ಕಾಣುವುದಾದರೂ ಹೇಗೆ?

ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೋಡಿಗೆ ಒಂದೆರಡು ಸಾಲು ಸೇರಿಸಿ ಫೋನಿಗೆ ಹಾಕಿದೆ. ರೈಲು ಎಲ್ಲಿದೆಯೆಂದು ಅಜ್ಜ ಮತ್ತೆ ಕೇಳಿದಾಗ ಫೋನು, “ಉತ್ತರ ಇನ್ನೂ ಬಂದಿಲ್ಲ, ಮತ್ತೆ ಕೇಳುತ್ತಿದ್ದೇನೆ” ಎಂದಿತು. ಅಜ್ಜ ಫೋನಿಗೇ “ಆಯ್ತು ಬುಡವ್ವ, ಕಾಯ್ತೀನಿ” ಅಂದು ನಕ್ಕರು. ಅವರ ಗಾಡಿ ಬಂದಾಗ ಕೈಹಿಡಿದು ಹತ್ತಿಸಿದೆ.

ಈಗ ನಾನು ಕೋಡ್ ಬರೆಯಲು ಕೂತಾಗ, ಉತ್ತರ ಬಂದರೆ ಏನು ಮಾಡಬೇಕೆಂಬುದಕ್ಕಿಂತ ಮೊದಲು, ಬಾರದಿದ್ದರೆ ಕಾಯುತ್ತಿರುವವರಿಗೆ ಏನು ಹೇಳಬೇಕೆಂಬುದನ್ನೇ ಬರೆಯುತ್ತೇನೆ.