ಉಪ್ಪು ನೋಡುವವಳು

ಸೊಲ್ಲಾಪುರದ ಗೆಳತಿ ಶಮೀಮಳ ಮನೆಯಲ್ಲಿ ಇಳಿದುಕೊಂಡಿದ್ದೇನೆ. ರಮಜಾನ್ ತಿಂಗಳು. ಎಲ್ಲರೂ ಉಪವಾಸವಿರುವಾಗ ನಾನೊಬ್ಬಳೇ ಉಣ್ಣಲು ಸಂಕೋಚವಾಗಿ ನಿನ್ನೆ ನಾನೂ ರೋಜಾ ಹಿಡಿದೆ. "ಬೇಟಾ, ಪ್ರವಾಸದಾಗ ಇದ್ದವ್ರಿಗೆ ರೋಜಾ ಮಾಫ್ ಅದ" ಎಂದು ಅವಳ ಅತ್ತೆ ಹೇಳಿದರೂ ಕೇಳಲಿಲ್ಲ. ಗಂಟಲು ಒಣಗಿದರೂ ಸಂಜೆಯ ಹೊತ್ತಿಗೆ ಒಳಗೊಳಗೇ ಬೀಗುತ್ತಿದ್ದೆ.

ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿತು. ಖರ್ಜೂರ ತಿಂದು, ನೀರು ಕುಡಿದು, ರೊಟ್ಟಿಯನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆವು. ಎಲ್ಲರೂ ಮತ್ತೆ ನೀರಿನ ಲೋಟಕ್ಕೆ ಕೈಹಾಕಿದರು.

"ಉಪ್ಪು ನಾನೂ ಹಾಕೀನಿ, ಶಮೀಮನೂ ಹಾಕ್ಯಾಳ" ಎಂದು ಅತ್ತೆ ನಕ್ಕರು. "ರೋಜಾದಾಗ ನಾವು ರುಚಿ ನೋಡಂಗಿಲ್ಲ. ಇಷ್ಟು ದಿನ ನೀ ನೋಡ್ತಿದ್ದಿ."

ದಿನವೂ ಸಂಜೆ ಅವರು ನನ್ನ ಅಂಗೈಗೆ ಒಂದಿಷ್ಟು ಸಾರು ಹಾಕಿ "ಹೆಂಗದ?" ಎಂದು ಕೇಳುತ್ತಿದ್ದರು. ಅದು ಅತಿಥಿಯ ಮೇಲಿನ ಅಕ್ಕರೆ ಎಂದೇ ನಾನು ತಿಳಿದಿದ್ದೆ.

ಇವತ್ತು ಬೆಳಿಗ್ಗೆ ಅಕ್ಕಲಕೋಟಕ್ಕೆ ಹೊರಟಾಗ ಅತ್ತೆ ಬಾಗಿಲವರೆಗೆ ಬಂದರು. "ಹೊಟ್ಟಿ ತುಂಬ ಉಣ್ಣು, ಬೇಟಾ. ಸಂಜೀಕ ಲಗೂನ ಬಾ."

ಬಸ್‌ಸ್ಟ್ಯಾಂಡಿನಲ್ಲಿ ಪೋಹೆ ತಿಂದು ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಾರು ಒಲೆಯಿಂದ ಇಳಿಯುವ ಮೊದಲು ಮನೆ ಸೇರಬೇಕು.